ರಬ್ಬರಿಗೆ ಎಣ್ಣೆ ಹಚ್ಚಿದವರು ಯಾರು

ಆ ದಿನ ಕಾರಿನ ರಬ್ಬರಿಗೆ ಎಣ್ಣೆ ಹಚ್ಚಿದ್ದು ಯಾರು ಎಂಬುದು ನನಗೆ ನಿಶ್ಚಯವಾಗಿ ಗೊತ್ತಿಲ್ಲ. ಮೊನ್ನೆ ಮೊನ್ನೆಯವರೆಗೆ ಗೊತ್ತಿತ್ತು. ಗೊತ್ತಿತ್ತು ಎಂದರೆ, ಹತ್ತು ವರ್ಷಗಳಿಂದ ಅದನ್ನೊಂದು ಕಥೆಯಾಗಿ ಹೇಳುತ್ತ ಬಂದಿದ್ದೆ. ಹೇಳಿ ಹೇಳಿ ನಾಲಿಗೆಗೆ ರೂಢಿಯಾದದ್ದು ನಡೆದದ್ದೇ ಇರಬೇಕೆಂದು ನಂಬಿದ್ದೆ. ಇತಿಹಾಸ ಓದಿದವನು ನಾನು. ಕಣ್ಣಾರೆ ಕಂಡೆ ಎಂದು ಬರೆದವರ ಮಾತನ್ನು ಮೊದಲು ಅನುಮಾನಿಸಬೇಕು ಎಂದು ಕಲಿತು ಪರೀಕ್ಷೆ ಪಾಸು ಮಾಡಿದವನು. ಈಗಲೂ ಕೌನ್ಸಿಲ್ ಕಚೇರಿಯಲ್ಲಿ ಹಳೆಯ ನಕಾಶೆಗಳನ್ನು ಎದುರಿಗಿಟ್ಟುಕೊಂಡು, ಯಾರ ಬೇಲಿ ಎಲ್ಲಿತ್ತು ಎಂಬ ಜಗಳಗಳಲ್ಲಿ ಯಾರನ್ನೂ ನಂಬದೆ ಸಂಬಳ ತೆಗೆದುಕೊಳ್ಳುತ್ತೇನೆ. ಆದರೆ ನಮ್ಮ ನಮ್ಮ ಕಥೆಗಳ ವಿಷಯದಲ್ಲಿ ಎಲ್ಲರೂ ಭೋಳೆ ಜನವೇ.

ಕಥೆ ಇಷ್ಟು. ಗುರುನಾಥ ಕಾಕಾ ನನ್ನ ತಂದೆಯ ಚಿಕ್ಕಪ್ಪನ ಮಗ, ಧಾರವಾಡದವರು. ಲಂಡನ್ನಿನ ಗ್ರೀನ್‌ಫರ್ಡ್ ಬಡಾವಣೆಯ ಒಂದು ಗೋದಾಮಿನಲ್ಲಿ, ಪೆಟ್ಟಿಗೆಗಳನ್ನು ಹೊತ್ತು ಸಾಗುವ ರಬ್ಬರಿನ ಪಟ್ಟಿಗಳನ್ನು ರಿಪೇರಿ ಮಾಡುವ ಕೆಲಸದಲ್ಲಿ ಇಪ್ಪತ್ತಾರು ವರ್ಷ ಕಳೆದವರು. ನಾನು ಎಂ.ಎ. ಓದಲು ಲಂಡನ್ನಿಗೆ ಬಂದಾಗ ಅವರ ಮನೆಯ ಮೇಲಿನ ಸಣ್ಣ ಕೋಣೆಯಲ್ಲಿ ಎರಡು ವರ್ಷ ಇದ್ದೆ. ಒಂದು ಬೇಸಿಗೆಯ ಶನಿವಾರ ಅವರ ಕಾರಿನ ಹಿಂದಿನ ಆಕ್ಸಲ್‌ಗೆ ಹೊಸ ಬುಷ್ ಹಾಕುವುದೆಂದು ತೀರ್ಮಾನವಾಯಿತು. ಬುಷ್ ಎಂದರೆ ಕಬ್ಬಿಣದ ಬಳೆಯೊಳಗೆ ಕೂರಿಸಿದ ದಪ್ಪ ರಬ್ಬರು. ಆಕ್ಸಲ್ಲಿಗೂ ಕಾರಿನ ಮೈಗೂ ನಡುವೆ ಅದು ಎಡಕ್ಕೊಂದು ಬಲಕ್ಕೊಂದು ಇರುತ್ತದೆ. ರಸ್ತೆಯ ಪೆಟ್ಟನ್ನೆಲ್ಲ ತಾನು ತಿಂದು ಕೂತವರ ಸೊಂಟ ಕಾಯುವುದು ಅದರ ಕೆಲಸ.

ನನ್ನ ಕಥೆಯಲ್ಲಿ ಕಾಕಾ ಎಡಗಡೆಯ ಚಕ್ರದ ಪಕ್ಕ ಮಲಗಿದ್ದಾರೆ, ನಾನು ಬಲಗಡೆ. ಹೊಸ ಬುಷ್ ಅದರ ಗೂಡಿನೊಳಗೆ ಹೋಗಲೊಲ್ಲದು. ಕಾಕಾ ಬೆವರಿ, ಬೈದು, ಕೊನೆಗೆ ಅಡುಗೆಮನೆಯ ಕಡೆ ಮುಖ ಮಾಡಿ, "ಏ, ಒಂದೀಟು ಶೇಂಗಾ ಎಣ್ಣಿ ಕೊಡಿಲ್ಲೆ" ಎಂದು ಕೂಗುತ್ತಾರೆ. ಅವರ ಹೆಂಡತಿ, ನಮ್ಮ ಕಾಕು, ಎಣ್ಣೆಯ ಬಾಟಲಿಯೊಂದಿಗೆ ಬರುತ್ತಾರೆ. ಬುಷ್ ಬೆಣ್ಣೆಯಂತೆ ಒಳಗೆ ಜಾರುತ್ತದೆ. "ಲಂಡನ್ನಿನಲ್ಲಿ ಒಗ್ಗರಣೆ ಹಾಕಿಸಿಕೊಂಡ ಮೊದಲ ಕಾರು ಅದು" ಎಂದು ನಾನು ಮುಗಿಸುತ್ತಿದ್ದೆ. ಯುಗಾದಿ ಊಟವಿರಲಿ, ಯಾರದೋ ಗೃಹಪ್ರವೇಶವಿರಲಿ, ಎಲೆ ಮುಂದೆ ಕೂತವರು ಹೊಟ್ಟೆ ಹಿಡಿದು ನಗುತ್ತಿದ್ದರು. ಕಾಕಾ ಇದ್ದರೆ ಅವರೂ ನಗುತ್ತಿದ್ದರು.

ಕಾಕಾ ತೀರಿಕೊಂಡು ಮೂರು ವರ್ಷವಾಯಿತು. ಕಾರನ್ನು ಕಾಕು ನನಗೆ ಕೊಟ್ಟರು. ಈ ವರ್ಷ ನಮ್ಮ ಕನ್ನಡ ಬಳಗದ ದೀಪಾವಳಿ ಸಂಚಿಕೆಗೆ ಕಾಕಾ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ನಾನು ಒಂದೇ ಗಂಟೆಯಲ್ಲಿ ಈ ಕಥೆ ಬರೆದು ಕಳಿಸಿಬಿಟ್ಟೆ. ಸೋಮವಾರ ಅದು ಅಚ್ಚಿಗೆ ಹೋಗುವುದಿತ್ತು. ಅದರ ಹಿಂದಿನ ಶನಿವಾರ ನಾನು ರೇನರ್ಸ್ ಲೇನಿನ ನಮ್ಮ ಮನೆಯ ಮುಂದೆ, ಅದೇ ಕಾರಿನ ಕೆಳಗೆ, ಅದೇ ಬುಷ್‌ಗಳನ್ನು ಬದಲಿಸಲು ಬೆನ್ನ ಮೇಲೆ ಮಲಗಿದ್ದೆ.

ನಾನೇ ಯಾಕೆ ಮಲಗಿದೆ ಎಂಬುದಕ್ಕೆ ಸರಿಯಾದ ಉತ್ತರವಿಲ್ಲ. ಕಾರು ರಸ್ತೆಗೆ ಯೋಗ್ಯವೇ ಎಂದು ವರ್ಷಕ್ಕೊಮ್ಮೆ ನೋಡುವ ಎಂ.ಓ.ಟಿ. ಪರೀಕ್ಷೆ ಮಾಡಿದವನು ಹಿಂದಿನ ಎಡ ಬುಷ್ ಸತ್ತಿದೆ ಎಂದು ಬರೆದುಕೊಟ್ಟಿದ್ದ. ಅವನು ಬರೆಯುವ ಮೊದಲೇ ಕಾಕು ಹೇಳಿದ್ದರು. ಸೊಂಟದ ಆಪರೇಷನ್ ಆದ ಮೇಲೆ ಅವರನ್ನು ವಾರಕ್ಕೆರಡು ಸಲ ಆಸ್ಪತ್ರೆಗೆ ವ್ಯಾಯಾಮ ಮಾಡಿಸಲು ಕರೆದೊಯ್ಯುತ್ತೇನೆ. ನಮ್ಮಲ್ಲಿಯ ಹಾಗೆ ಇಲ್ಲೂ ಡ್ರೈವರನ ಪಕ್ಕದ ಸೀಟು ಎಡಕ್ಕೆ. ಒಂದೊಂದು ಹಂಪ್ ಹತ್ತಿಳಿದಾಗಲೂ ಹಿಂದಿನಿಂದ ಕಟ್ ಎಂದು ಸದ್ದು, ಪಕ್ಕದಿಂದ "ಅವ್ವಾ" ಎಂದು ಸಣ್ಣ ದನಿ. ಗ್ಯಾರೇಜಿಗೆ ಕೊಡಬಹುದಿತ್ತು. ಆದರೆ ಕುರ್ಚಿಯ ಮೇಲೆ ಅರ್ಧ ಗಂಟೆ ಕೂಡಲಾರದ ನನ್ನ ಸ್ವಭಾವಕ್ಕೆ, ನಟ್ಟು ಬೋಲ್ಟು ತಿರುಗಿಸುವ ಕಾಕಾನ ಹಳೆಯ ಪಾನಾಗಳು ಪೆಟ್ಟಿಗೆಯಲ್ಲಿ ಸುಮ್ಮನೆ ಮಲಗಿರುವುದು ಸಹನೆಯಾಗಲಿಲ್ಲ.

ಕೆಲಸದಲ್ಲಿ ಮುಕ್ಕಾಲು ಪಾಲು ತುಕ್ಕು ತೆಗೆಯುವುದೇ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಎರಚುತ್ತಾರಲ್ಲ, ಅದು ಕಾರಿನ ಹೊಟ್ಟೆಯ ಕೆಳಗೆ ಸೇರಿ ಕಬ್ಬಿಣವನ್ನು ಚಕ್ಕೆ ಚಕ್ಕೆಯಾಗಿ ತಿನ್ನುತ್ತದೆ. ಹಳೆಯ ಬುಷ್‌ಗಳನ್ನು ಗರಗಸದ ಬ್ಲೇಡಿನಿಂದ ಸೀಳಿ ಹೊರಗೆಳೆದ ಮೇಲೆ, ಅವು ಕೂತಿದ್ದ ಗೂಡುಗಳನ್ನು ತಂತಿಬ್ರಷ್ಷಿನಿಂದ ಉಜ್ಜಬೇಕು, ಆಮೇಲೆ ಉಸುಕಿನ ಕಾಗದದಿಂದ ತಿಕ್ಕಬೇಕು. ಒಂದು ಚಕ್ಕೆ ಉಳಿದರೂ ಹೊಸದು ಸೊಟ್ಟ ಕೂಡುತ್ತದೆ. "ಗೂಡು ಸ್ವಚ್ಛ ಆಗೂತನಾ ಹೊಸಾದನ್ನ ಕೈಯಾಗ ಹಿಡೀಬ್ಯಾಡ" ಎಂದು ಕಾಕಾ ಹೇಳುತ್ತಿದ್ದರು. ಹೇಳುತ್ತಿದ್ದರೆಂದು ನನ್ನ ನೆನಪು. ಹೀಗೆ ಪ್ರತಿ ಮಾತಿಗೂ ಒಂದು ಬಾಲ ಅಂಟಿಸುವ ಹೊಸ ಚಟ ಹತ್ತಿದೆ, ಮನ್ನಿಸಿ.

ಬೋಲ್ಟುಗಳನ್ನು ಮಾತ್ರ ಹಿಂದಿನ ದಿನವೇ ಹುಣಸೆ ನೀರಿನಲ್ಲಿ ನೆನೆಹಾಕಿದ್ದೆ. ಧಾರವಾಡದಲ್ಲಿ ನಮ್ಮವ್ವ ಮಹಾನವಮಿಗೆ ಮೊದಲು ತಾಮ್ರ ಹಿತ್ತಾಳೆಯನ್ನೆಲ್ಲ ಹುಣಸೆ ಹಚ್ಚಿ ಬೆಳಗುತ್ತಿದ್ದಳು. ತಾಮ್ರಕ್ಕೆ ಆದದ್ದು ಕಬ್ಬಿಣಕ್ಕೆ ಯಾಕಾಗಬಾರದು ಎಂಬ ನನ್ನ ಪ್ರಯೋಗ ಚೆನ್ನಾಗಿಯೇ ಫಲಿಸಿತು. ಬೆಳಿಗ್ಗೆ ನೋಡಿದರೆ ಬೋಲ್ಟುಗಳು ಬೂದು ಬಣ್ಣಕ್ಕೆ ಹೊಳೆಯುತ್ತಿದ್ದವು. ಹೆಮ್ಮೆಯಿಂದ ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ, ಒರೆಸದೆ ಬಿಟ್ಟ ತಪ್ಪಿಗೆ, ಮತ್ತೆ ಕೇಸರಿ ಬಣ್ಣ ತಿರುಗಿದ್ದವು. ನನ್ನ ಹೆಂಡತಿ ಮಾಲಿನಿ ಮೈಸೂರಿನವಳು, ಇಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು. ಬಾಗಿಲಲ್ಲಿ ನಿಂತು ನೋಡಿ, "ಸಾರು ಚೆನ್ನಾಗಿದೆ, ಬೇಳೆ ಒಂದು ಹಾಕಿಬಿಡು" ಅಂದಳು.

ಮಹಾನವಮಿಯ ಮಾತು ಬಂತಲ್ಲ, ಅವತ್ತಿನ ಖಂಡೇ ಪೂಜೆಯನ್ನೂ ಹೇಳಿಬಿಡುತ್ತೇನೆ. ನಮ್ಮಪ್ಪ ಬ್ಯಾಂಕಿನ ಗುಮಾಸ್ತ. ಆಯುಧ ಎಂದು ಪೂಜೆಗಿಡಲು ಮನೆಯಲ್ಲಿ ಇದ್ದದ್ದು ಒಂದು ಸ್ಕ್ರೂಡ್ರೈವರು, ಒಂದು ಇಕ್ಕಳ, ಸ್ಕೂಟರಿನ ಜೊತೆ ಬಂದ ಪಾನಾ, ಹಿಡಿ ಸಡಿಲಾದ ಸುತ್ತಿಗೆ. ಅವುಗಳಿಗೆ ಅವ್ವ ಎಣ್ಣೆ ಸವರಿ ಸಾಲಾಗಿ ಮಲಗಿಸುತ್ತಿದ್ದಳು, ಬಾಣಂತಿ ಕೋಣೆಯ ಕೂಸುಗಳ ಹಾಗೆ. ನಾವು ಎಣ್ಣೆಯ ಜನ. ಬಾಗಿಲು ಕಿರುಗುಟ್ಟಿದರೆ ಎಣ್ಣೆ. ಕಿವಿ ನೋಯುತ್ತಿದ್ದರೆ ಬೆಚ್ಚಗಿನ ಎಣ್ಣೆ. ಉಂಗುರ ಬೆರಳಲ್ಲಿ ಸಿಕ್ಕಿಕೊಂಡರೆ ಎಣ್ಣೆ. ಹೊಸ ಹಂಚಿಗೆ ಎಣ್ಣೆ, ಹುಟ್ಟಿದ ಕೂಸಿನ ನೆತ್ತಿಗೆ ಎಣ್ಣೆ, ಪರೀಕ್ಷೆ ಬರೆಯಲು ಹೊರಟ ಹುಡುಗನ ತಲೆಗೂ ಎಣ್ಣೆ. ಸಿಕ್ಕಿಕೊಂಡದ್ದು ಯಾವುದೇ ಇರಲಿ, ಮೊದಲು ಕೈ ಹೋಗುವುದು ಅಡುಗೆಮನೆಯ ಕಡೆಗೆ. ಆದ್ದರಿಂದ ರಬ್ಬರಿನ ಬುಷ್ ಗೂಡಿಗೆ ಹೋಗದಿದ್ದಾಗ ಧಾರವಾಡದ ಮನುಷ್ಯನೊಬ್ಬ ಶೇಂಗಾ ಎಣ್ಣೆ ಕೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅದಕ್ಕೇ ನನ್ನ ಕಥೆಯನ್ನು ಯಾರೂ ಪ್ರಶ್ನಿಸಲಿಲ್ಲ. ಕೇಳುತ್ತ ಕೂತವರೆಲ್ಲ ತಂತಮ್ಮ ಮನೆಯ ಬಾಟಲಿ ನೆನೆದು ನಗುತ್ತಿದ್ದರು.

ಆದರೆ ಎಣ್ಣೆ ರಬ್ಬರನ್ನು ಕೊಲ್ಲುತ್ತದೆ. ಕೂಡಲೇ ಅಲ್ಲ, ಸಾವಕಾಶ. ರಬ್ಬರು ಎಣ್ಣೆ ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಕಬ್ಬಿಣದ ಬಳೆಯನ್ನು ಬಿಟ್ಟುಬಿಡುತ್ತದೆ. ಹಚ್ಚಬೇಕಾದದ್ದು ಪಾತ್ರೆ ತೊಳೆಯುವ ಸೋಪಿನ ನೀರು.

ಮಧ್ಯಾಹ್ನದ ಊಟಕ್ಕೆಂದು ಮಾಲಿನಿ ಕಾಕುವನ್ನು ತನ್ನ ಕಾರಿನಲ್ಲಿ ಕರೆದುಕೊಂಡು ಬಂದಳು. ಒಳಗೆ ಕೂಡಿರಿ ಎಂದರೆ ಕೇಳಲಿಲ್ಲ. ಅಂಗಳದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಶಾಲು ಹೊದ್ದು ಕೂತರು.

"ಏನೋ ಅನಂತಾ, ಇಷ್ಟೆಲ್ಲಾ ಬಿಚ್ಚೀದಿ. ತಿರಗಿ ಜೋಡಿಸಲಿಕ್ಕೆ ಬರತದೇನು?"

"ನೋಡೋಣು ಕಾಕು. ಬರದಿದ್ರ ನಿಮ್ಮನ್ನ ಬಸ್ಸಿನಾಗ ಕರಕೊಂಡು ಹೋಗತೇನಿ."

"ಬಸ್ಸೇ ಛಲೋ. ಕಟಕಟ ಅನ್ನೂದಿಲ್ಲ."

ಸೀಳಿ ತೆಗೆದ ಹಳೆಯ ಬುಷ್‌ಗಳನ್ನು ನಾನು ಹಾಳೆಯ ಮೇಲೆ ಇಟ್ಟಿದ್ದೆ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಕಾಕು ಬಾಗಲಾರರು. ಕೈ ಚಾಚಿದರು. ಒಂದೊಂದಾಗಿ ಎತ್ತಿ ಕೊಟ್ಟೆ. ಬಲಗಡೆಯದು ಒಣಗಿ, ಸಣ್ಣ ಬಿರುಕು ಬಿಟ್ಟಿತ್ತು, ಆದರೆ ಗಟ್ಟಿ ಇತ್ತು. ಎಡಗಡೆಯದನ್ನು ಅವರು ಹೆಬ್ಬೆರಳಿನಿಂದ ಒತ್ತಿದರು. ಬೆರಳಿಗೆ ಕಪ್ಪು ಅಂಟಿತು.

"ಇದು ಎಣ್ಣಿ ಕುಡದದ ನೋಡು. ಹೊಟ್ಟಿ ಉಬ್ಬೇದ."

"ಹೂಂ ಮತ್ತ. ಕಾಕಾ ಹಚ್ಚಿದ್ರಲ್ಲ," ಎಂದು ನಾನು ನಗುತ್ತ ಅಂದೆ. ಎಡವೇ ಹಾಳಾಗಿದೆ, ಕಥೆಗೆ ಸಾಕ್ಷಿ ಸಿಕ್ಕಿತು ಎಂಬ ಹಿಗ್ಗು ಬೇರೆ.

ಕಾಕು ನಗಲಿಲ್ಲ. ನಾನು ಕೊಟ್ಟ ಅರಿವೆಗೆ ಬೆರಳು ಒರೆಸಿಕೊಂಡರು.

"ಅವರು ಬಲಕ್ಕಿದ್ರು."

"ಯಾರು?"

"ನಿಮ್ಮ ಕಾಕಾ. ಬಾಗಲ ಕಡೆ ಅವರು ಇದ್ರು. ಗ್ವಾಡಿ ಕಡೆ ನೀ ಇದ್ದಿ."

ಗ್ರೀನ್‌ಫರ್ಡಿನ ಆ ಮನೆಯ ಮುಂದಿನ ಜಾಗವನ್ನು ಇಲ್ಲಿ ವಿವರಿಸಬೇಕು. ರಸ್ತೆಯಿಂದ ನೋಡಿದರೆ ಎಡಕ್ಕೆ ಪಕ್ಕದ ಮನೆಯ ಇಟ್ಟಿಗೆ ಗೋಡೆ, ಬಲಕ್ಕೆ ಬಾಗಿಲಿಗೆ ಹೋಗುವ ದಾರಿ, ನಡುವೆ ಒಂದೇ ಕಾರಿನ ಜಾಗ. ಕಾಕಾ ಕಾರನ್ನು ಯಾವಾಗಲೂ ಮನೆಯ ಕಡೆ ಮೂತಿ ಮಾಡಿ ಹಚ್ಚುತ್ತಿದ್ದರು. ಅದು ನನಗೂ ನೆನಪಿದೆ. ಹಾಗಾಗಿ ಕಾರಿನ ಎಡಮಗ್ಗಲು ಗೋಡೆಗೆ, ಬಲಮಗ್ಗಲು ಬಾಗಿಲಿಗೆ.

"ಇಲ್ಲ ಕಾಕು. ನಾ ಬಾಗಲ ಕಡೆ ಇದ್ದೆ. ಅಡಗೀಮನಿ ಮಾತು ಕೇಳಸತಿತ್ತು ನನಗ."

"ಕೇಳಸದ ಏನು, ಕಿಡಕಿ ತಗದಿತ್ತು. ಅವರ ಹೊಟ್ಟಿ ಆ ಗ್ವಾಡೀ ಸಂದಿನಾಗ ಹಿಡಸತಿತ್ತೇನೋ? ನೀ ಆವಾಗ ಕಡ್ಡಿ ಹಂಗಿದ್ದಿ. ಅದಕ್ಕ ನಿನ್ನ ಆ ಕಡೆ ಕಳಸಿದ್ರು."

"ಎಣ್ಣಿ ಕೇಳಿದವರು ಯಾರು ಹಂಗಾದ್ರ?"

"ಕೇಳಿದವರು ಯಾರೂ ಇಲ್ಲ. ಅವರು ಸೋಪಿನ ನೀರು ತರಲಿಕ್ಕೆ ಒಳಗ ಬಂದ್ರು. ಹಿಂದಿಂದ ನೀ ಬಂದಿ, ಒಲೀ ಪಕ್ಕದ ಬಾಟಲಿ ತಗೊಂಡು ಹೋದಿ. ನಾ ಎದಕ್ಕ ಅಂತ ಕೇಳಲಿಲ್ಲ. ತಲಿಗೆ ಹಚಗೊಳ್ಳಲಿಕ್ಕೆ ಅಂದಕೊಂಡೆ."

ನನ್ನ ಕೈಯಲ್ಲಿ ತಂತಿಬ್ರಷ್ ಹಾಗೇ ಇತ್ತು. ನನಗೆ ಮೊದಲು ತೋಚಿದ್ದು ಪಶ್ಚಾತ್ತಾಪವಲ್ಲ, ಪಾಟೀಸವಾಲು. ಎಂಬತ್ತರ ಹತ್ತಿರದ ಹೆಣ್ಣುಮಗಳ ಹತ್ತು ವರ್ಷದ ಹಿಂದಿನ ನೆನಪು. ಗಂಡನ ಮೇಲಿನ ಪ್ರೀತಿ. ನಂಬಲರ್ಹ ಸಾಕ್ಷಿಯೇ? ಇದೆಲ್ಲ ಮನಸ್ಸಿನಲ್ಲಿ ಸರಸರ ಓಡಿತು, ನಾಚಿಕೆಯಿಲ್ಲದೆ.

"ಹಂಗಿದ್ರ ಇಷ್ಟ ವರ್ಷ ಯಾಕ ಹೇಳಲಿಲ್ಲ ಕಾಕು? ನಾ ಅವರ ಮುಂದೇ ಹೇಳತಿದ್ದೆನಲ್ಲ."

"ಅವರೇ ಬ್ಯಾಡ ಅಂದ್ರು. ಮೊದಲನೇ ಸಲ ನೀ ಹೇಳಿದಾಗ ಕಾರಿನಾಗ ಬರುವಾಗ ನಾ ಅಂದೆ, ಅಲ್ಲ, ಹುಡುಗ ನಿಮ್ಮ ಮ್ಯಾಲೆ ಹಾಕ್ಯಾನಲ್ಲ ಅಂತ. ಅವರು ನಕ್ಕರು. ಛಂದ ಹೇಳತಾನ, ಹೇಳಲಿ ಬಿಡು ಅಂದ್ರು." ಕಾಕು ಶಾಲು ಸರಿಮಾಡಿಕೊಂಡರು. "ಅವರು ಇದ್ದಾಗ ನಡೀತು. ನಗತಿದ್ರು, ನೋಡಿದವರಿಗೆ ಅವರು ಎಂಥಾವರಂತ ತಿಳೀತಿತ್ತು. ಈಗ ಪುಸ್ತಕದಾಗ ಹಾಕಸ್ತೀಯಂತ. ಇಪ್ಪತ್ತಾರು ವರ್ಷ ರಬ್ಬರಿನ ಕೆಲಸ ಮಾಡಿದವರು ಅವರು. ನಾಳೆ ಓದಿದವರಿಗೆ ಅವರು ಬರೇ ಎಣ್ಣೀ ಮುದುಕ ಆಗತಾರ. ಅಷ್ಟ ಒಂದು ಬ್ಯಾಡೋ ಅನಂತಾ."

ಅವರು ದನಿ ಎತ್ತಲಿಲ್ಲ. ಎಡಗಡೆಯ ಬುಷ್ಷನ್ನು ನನ್ನ ಕೈಗೆ ಕೊಟ್ಟು, ಕೈ ತೊಳೆಯಲು ಮಾಲಿನಿಯ ಹೆಗಲು ಹಿಡಿದು ಒಳಗೆ ಹೋದರು.

ನಾನು ಮತ್ತೆ ಕಾರಿನ ಕೆಳಗೆ ಹೋದೆ. ತುಕ್ಕು ತಿಕ್ಕುವಾಗ ಒಂದು ಅನುಕೂಲವಿದೆ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ತಿಕ್ಕುತ್ತ ತಿಕ್ಕುತ್ತ ನನ್ನ ನೆನಪನ್ನು ಬೇರೆಯವರ ಕಡತದಂತೆ ಎದುರಿಗಿಟ್ಟುಕೊಂಡೆ. ಅದರಲ್ಲಿ ಕಾಕಾನ ಇನ್ನೊಂದು ಮಾತೂ ಇತ್ತು. "ರಬ್ಬರಿಗೆ ಎಣ್ಣಿ ತಾಗಸಬಾರದು." ಇದನ್ನು ಅವರು ಯಾವಾಗ ಅಂದರು? ಬುಷ್ ಕೂರಿಸುವ ಮೊದಲು ಅಂದಿದ್ದರೆ, ಅಷ್ಟು ಬಲ್ಲವರು ತಾವೇ ಹಚ್ಚುವುದಿಲ್ಲ. ಆಮೇಲೆ ಅಂದಿದ್ದರೆ, ಹಚ್ಚಿದವನಿಗೆ ಅಂದಿರಬೇಕು. ಎರಡೂ ದಾರಿ ನನ್ನ ಕಡೆಗೇ ಬರುತ್ತಿದ್ದವು. ಹತ್ತು ವರ್ಷ ಈ ಮಾತು ನನ್ನ ತಲೆಯಲ್ಲೇ ಇತ್ತು. ಆದರೆ ಅದು ಹೊಂದುತ್ತಿರಲಿಲ್ಲವೆಂದು ಕಥೆಯಿಂದ ಹೊರಗೆ ಇಟ್ಟಿದ್ದೆ. ಅಥವಾ ಈ ಮಾತೂ ನಾನೇ ಆಮೇಲೆ ಎಲ್ಲಿಯೋ ಓದಿ ಕಾಕಾನ ಬಾಯಿಗೆ ಹಾಕಿದ್ದೋ, ಅದನ್ನೂ ತಳ್ಳಿಹಾಕುವಂತಿಲ್ಲ. ಅನುಮಾನದ ಚಟದವನಿಗೆ ತಪ್ಪು ಒಪ್ಪಿಕೊಳ್ಳುವುದರಿಂದ ತಪ್ಪಿಸಿಕೊಳ್ಳಲು ಯಾವಾಗಲೂ ಒಂದು ಕಿಂಡಿ ಸಿಗುತ್ತದೆ.

ಮಾಲಿನಿ ಬಟ್ಟಲಿನಲ್ಲಿ ಸೋಪಿನ ನೀರು ತಂದಿಟ್ಟು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

"ಏನು ಮಾಡ್ತೀಯ ಈಗ?"

"ಗೊತ್ತಿಲ್ಲ. ಅವರು ಹೇಳೋದೇ ಸರಿ ಅನ್ನೋದಕ್ಕೆ ಪುರಾವೆ ಇಲ್ಲ."

"ನೀನು ಹೇಳೋದಕ್ಕೆ ಇದ್ಯಾ?"

"ಇಲ್ಲ."

"ಮತ್ತೆ ಪುರಾವೆ ಇಲ್ದೆ ಇರೋ ಎರಡು ಕಥೆಲಿ ಒಂದನ್ನ ಅಚ್ಚು ಹಾಕಿಸ್ತಾ ಇದೀಯ. ಅದೂ ನಿನಗೆ ಅನುಕೂಲ ಆಗಿರೋದನ್ನ." ಅವಳು ಎದ್ದಳು. "ನಮ್ಮ ವಾರ್ಡಲ್ಲಿ ಹೀಗೆ ಮಾಡಿದ್ರೆ ನನ್ನ ಕೆಲಸ ಹೋಗತ್ತೆ."

ಹೊಸ ಬುಷ್ಷಿಗೆ ಸೋಪಿನ ನೀರು ಸವರಿ, ಗೂಡಿನ ಬಾಯಿಗೆ ಹಿಡಿದೆ. ಉದ್ದನೆಯ ಬೋಲ್ಟು, ಎರಡು ದಪ್ಪ ವಾಷರು, ಕಾಕಾನ ದೊಡ್ಡ ಪಾನಾ. ಕಾಲು ಸುತ್ತು ತಿರುಗಿಸಿದರೆ ಒಂದು ಕೂದಲೆಳೆಯಷ್ಟು ಒಳಗೆ ಹೋಗುತ್ತದೆ. ಅರ್ಧಕ್ಕೆ ಹೋಗಿ ನಿಂತಿತು. ಎಷ್ಟು ಒತ್ತಿದರೂ ಅಲ್ಲಾಡಲೊಲ್ಲದು. ಆಗ ನನಗೆ ಏನಾಯಿತೆಂದು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಕಾರಿನ ಕೆಳಗಿನಿಂದ ಹೊರಗೆ ಜಾರಿ, ಎದ್ದು ನಿಂತು, ಎರಡು ಹೆಜ್ಜೆ ಅಡುಗೆಮನೆಯ ಕಡೆ ಇಟ್ಟಿದ್ದೆ. ಯೋಚನೆ ಮಾಡಿ ಇಟ್ಟದ್ದಲ್ಲ, ಕಾಲೇ ಹೋಯಿತು. ಒಲೆಯ ಪಕ್ಕ ನಮ್ಮ ಮನೆಯಲ್ಲೂ ಬಾಟಲಿ ಇರುವುದು ಅಲ್ಲೇ. ಮೂರನೆಯ ಹೆಜ್ಜೆಗೆ ನಿಂತುಬಿಟ್ಟೆ.

ತಿರುಗಿ ಬಂದು ಬುಷ್ ಹೊರಗೆ ತೆಗೆದು ನೋಡಿದರೆ, ಗೂಡಿನ ಒಳಗಡೆ ತುಕ್ಕಿನ ಒಂದು ಚಕ್ಕೆ ಉಳಿದಿತ್ತು. ತಿಕ್ಕಿ ತೆಗೆದೆ. ಸೋಪಿನ ನೀರಿನಲ್ಲೇ ಒಳಗೆ ಹೋಗಿ ಕೂತಿತು.

ಕೊನೆಯ ಬಿಗಿತ ಒಂದು ಉಳಿಯುತ್ತದೆ. ಕಾರು ಗಾಳಿಯಲ್ಲಿ ತೂಗುತ್ತಿರುವಾಗ ಬೋಲ್ಟು ಬಿಗಿ ಮಾಡಬಾರದು, ರಬ್ಬರು ತಿರುಚಿಕೊಂಡು ಹರಿಯುತ್ತದೆ. ಚಕ್ರ ನೆಲಕ್ಕೆ ಇಳಿಸಿ, ಕಾರಿನ ಭಾರವೆಲ್ಲ ಅದರ ಮೇಲೆ ಬಿದ್ದ ಮೇಲೆಯೇ ಬಿಗಿಯಬೇಕು. ಬಿಗಿದು ಮುಗಿಸಿ, ಕೈ ತೊಳೆದುಕೊಂಡು ಸಂಪಾದಕರಿಗೆ ಫೋನ್ ಮಾಡಿದೆ. ಅವರು ಮಂಗಳೂರಿನವರು.

"ಪುಟ ಕಟ್ಟಿ ಆಯ್ತು ಮಾರಾಯ್ರೆ. ಈಗ ಬದಲು ಅಂದ್ರೆ ಹೇಗೆ?"

"ಸಾಲು ಹೆಚ್ಚಾಗೋದಿಲ್ಲ. ಕಾಕಾ ಅನ್ನೋ ಕಡೆ ನಾನು ಅಂತ ಹಾಕಿ, ನಾನು ಅನ್ನೋ ಕಡೆ ಕಾಕಾ ಅಂತ."

"ಅಷ್ಟೇಯಾ? ಅದಕ್ಕೆ ಯಾಕೆ ಇಷ್ಟು ಸಪ್ಪೆ ದನಿ?" ಎಂದರು. ಫೋನ್ ಇಡುವ ಮೊದಲು, "ಅಲ್ಲ, ನಿಜವಾಗಿ ಆದದ್ದು ಯಾವುದು?" ಎಂದೂ ಕೇಳಿದರು. ಗೊತ್ತಿಲ್ಲ ಎಂದೆ.

ಊಟಕ್ಕೆ ಕೂತಾಗ ಕಾಕುಗೆ ಹೇಳಿದೆ, ಆ ಕಥೆ ಇನ್ನು ಎಲ್ಲೂ ಹೇಳುವುದಿಲ್ಲ ಎಂದು. ಅವರು ರೊಟ್ಟಿ ಮುರಿಯುತ್ತಿದ್ದವರು ನಿಲ್ಲಿಸಿದರು.

"ಯಾಕ ಹೇಳೂದಿಲ್ಲ? ಹೇಳು. ಮಂದಿ ನಗಲಿ. ಹೆಸರಷ್ಟ ಸರಿ ಹೇಳು." ರೊಟ್ಟಿಯ ಚೂರನ್ನು ಪಲ್ಯಕ್ಕೆ ಹಚ್ಚಿ ತಾವೇ ಮುಂದುವರಿಸಿದರು. "ಅವತ್ತ ಕೈ ತೊಳಕೋತ ನನಗ ಹೇಳಿದ್ರು. ಎಡದ್ದಕ್ಕ ಎಣ್ಣಿ ವಾಸನಿ ಬರಲಿಕ್ಕತ್ತದ, ಅನಂತ ಹಚ್ಚ್ಯಾನ ಅಂತ ಕಾಣತದ ಅಂತ. ತಗದು ಬ್ಯಾರೆ ಹಾಕ್ರಿ ಅಂದೆ. ಒರಸೀನಿ, ಹತ್ತು ವರ್ಷ ತಡೀತದ, ಅಷ್ಟರಾಗ ಅವನೇ ಕಲೀತಾನ ಅಂದ್ರು."

ನಾನು ಪಲ್ಯದ ಬಟ್ಟಲನ್ನು ಸುಮ್ಮನೆ ಅತ್ತಿತ್ತ ಸರಿಸಿದೆ. ಈ ಮಾತಿಗೂ ಪುರಾವೆ ಇಲ್ಲ. ಕೇಳಲೂ ಇಲ್ಲ.

ಮುಂದಿನ ವಾರ ಆಸ್ಪತ್ರೆಯಿಂದ ಅವರನ್ನು ಮನೆಗೆ ಬಿಡಲು ಹೋದೆ. ಅವರ ರಸ್ತೆಯಲ್ಲಿ ಮೂರು ಹಂಪ್. ಮೂರಕ್ಕೂ ಹಿಂದಿನಿಂದ ಸದ್ದಿಲ್ಲ, ಪಕ್ಕದಿಂದಲೂ ಇಲ್ಲ. ಕಾರನ್ನು ಮನೆಯ ಕಡೆ ಮೂತಿ ಮಾಡಿ ಹಚ್ಚಹೋದರೆ, ಅಲ್ಲಿ ಈಗ ಕಾಕುವಿನ ಮೆಂತ್ಯ ಕೊತ್ತಂಬರಿಯ ತೊಟ್ಟಿಗಳು. ರಸ್ತೆಯಲ್ಲೇ ನಿಲ್ಲಿಸಿ ಅವರನ್ನು ಒಳಗೆ ಬಿಟ್ಟು ಹೊರಗೆ ಬಂದಾಗ ಒಂದು ವಿಷಯ ನೆನಪಾಯಿತು. ಇದು ನನ್ನ ಕಥೆಯಲ್ಲೂ ಬಂದಿರಲಿಲ್ಲ, ಕಾಕುವಿನ ಮಾತಿನಲ್ಲೂ ಬಂದಿರಲಿಲ್ಲ. ಕಾರಿನ ಹಿಂಭಾಗ ಎತ್ತಿದ ಮೇಲೆ ಅದನ್ನು ಎರಡು ಕಬ್ಬಿಣದ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿದ್ದೆವು, ಅವರವರ ಕಡೆಯದು ಅವರವರು. ಕಾಕಾ ತಮ್ಮ ಸ್ಟ್ಯಾಂಡಿನ ಕೆಳಗೆ ಎಂದಿನಂತೆ ಹಲಗೆ ಇಟ್ಟಿದ್ದರು. ನಾನು ಮರೆತಿದ್ದೆ. ಬಿಸಿಲಿಗೆ ಡಾಂಬರು ಮೆತ್ತಗಾಗಿ ನನ್ನ ಸ್ಟ್ಯಾಂಡಿನ ನಾಲ್ಕೂ ಕಾಲುಗಳು ನೆಲದಲ್ಲಿ ಹೂತುಹೋಗಿ, ಕಾಕಾ ನನ್ನನ್ನು ಬೈದಿದ್ದರು.

ಆಗ ಕಾರಿನ ಹಿಂಭಾಗ ಇರುತ್ತಿದ್ದ ರಸ್ತೆ ಕಡೆಯ ತೊಟ್ಟಿಗಳನ್ನು ಒಂದೊಂದಾಗಿ ಪಕ್ಕಕ್ಕೆ ಎಳೆದು ನೋಡಿದೆ. ಬಾಗಿಲ ದಾರಿಯ ಕಡೆ ಡಾಂಬರು ಸಪಾಟಾಗಿತ್ತು. ಗೋಡೆಯ ಕಡೆ, ಗೋಡೆಯಿಂದ ಎರಡು ಮೊಳ ಈಚೆ, ನಾಲ್ಕು ಗುಂಡಿಗಳಿದ್ದವು, ಚೌಕಕ್ಕೆ ಸರಿಯಾಗಿ, ಒಂದೊಂದು ಹೆಬ್ಬೆರಳು ಹಿಡಿಸುವಷ್ಟು.